ಗೇಟಿನ ನಾಯಿಗೆ ಮೂರು ಮಾತು

ಅರಸೀಕೆರೆ ಬಿಟ್ಟು ಹಬ್ಬನಘಟ್ಟದ ಕಡೆ ಬಂದರೆ
ತೆಂಗಿನ ತೋಟಗಳ ನಡುವೆ ಸಿಗುತ್ತದಲ್ಲ ರೈಲ್ವೆ ಗೇಟು,
ಅಲ್ಲಿ ನಾನು ಕೂತು ಒಂಬತ್ತು ವರ್ಷ.
ಫೋನು ಗಿರ್ರೆಂದರೆ ಏಳಬೇಕು, ನಂಬರು ಬರೆದುಕೊಳ್ಳಬೇಕು,
ಹಿಡಿಕೆ ತಿರುಗಿಸಿ ಗೇಟು ಇಳಿಸಬೇಕು,
ಬಿಸಿಲಿರಲಿ ಗಾಳಿಯಿರಲಿ ಬಾವುಟ ಹಿಡಿದು ನಿಲ್ಲಬೇಕು.
ಹೇಳಿದ್ದು ಕೇಳುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ.
ಕೇಳುವ ಹಾಗೆ ಹೇಳುವುದು ಬೇರೆಯೇ ಕಸುಬು
ಅಂತ ಗೊತ್ತಾಗಿದ್ದು ಈ ಮರಿ ಬಂದ ಮೇಲೆ.

ಕೊಬ್ಬರಿ ಮಂಡಿಯ ಲಾರಿಯಿಂದ ಇಳಿದದ್ದೋ, ಇಳಿಸಿದ್ದೋ.
ಒಂದು ಕಿವಿ ನೆಟ್ಟಗೆ ನಿಂತಿತ್ತು,
ಇನ್ನೊಂದು ಇನ್ನೂ ಯೋಚನೆ ಮಾಡುತ್ತಿತ್ತು.
ಚಿಪ್ಪು ಅಂತ ಕರೆದೆ.

‘ಇಂಗ್ಲಿಷಲ್ಲೇ ಹೇಳ್ಬೇಕು ದೇವೀರಕ್ಕ, ನಾಯಿಗೆ ಕನ್ನಡ ಹತ್ತಲ್ಲ’
ಎಂದ ಪರ್ವತಪ್ಪನ ಮಗ. ಗೇಟು ಬಿದ್ದಾಗಲೆಲ್ಲ
ಟಿಲ್ಲರಿನಿಂದ ಇಳಿದು ಬಂದು ಸಿಟ್ಟು ಬಂದವನ ಹಾಗೆ
ಸಿಟ್, ಸಿಟ್, ಸಿಟ್.
ಚಿಪ್ಪು ಅವನ ಚಪ್ಪಲಿ ಕಚ್ಚಿಕೊಂಡು ತೋಟದೊಳಗೆ ಹೋಯಿತು.

ನಾನು ಕೊಬ್ಬರಿ ಚೂರು ಹಿಡಿದೆ, ಮೂಗಿನಿಂದ ನೆತ್ತಿಯ ಮೇಲೆ
ಮೆಲ್ಲಗೆ ಹಿಂದಕ್ಕೆ ಒಯ್ದೆ. ಕುಂತ್ಕೊ.
ಮೂಗು ಮೇಲೆದ್ದರೆ ಬಾಲ ಕೆಳಗಿಳಿಯಲೇಬೇಕು,
ಈ ಕಡೆ ಭಾರ ಇಳಿದರೆ ಆ ಕಡೆ ನನ್ನ ಗೇಟಿನ ತೋಳು ಏಳುವ ಹಾಗೆ.
ನಾಲ್ಕನೇ ದಿನ ಕುಂತಿತು.
ಬಾ ಕಲಿಸಲು ಒಂದು ಮಧ್ಯಾಹ್ನ ಸಾಕಾಯಿತು.
ಬಾ ಅಂದರೆ ಯಾರು ಬೇಡ ಅಂತಾರೆ?

ಇರು. ಅದೇ ಕಷ್ಟದ್ದು.
ಇರು ಅಂದರೆ ಏನು ಮಾಡುವುದು? ಮಾಡುವಂಥದ್ದೇನೂ ಇಲ್ಲ.
ನಾನು ಎರಡು ಹೆಜ್ಜೆ ಹಿಂದಿಟ್ಟರೆ ಅದು ಮೂರು ಮುಂದೆ.
ತಪ್ಪು ನನ್ನದೂ ಇತ್ತು: ಡ್ಯೂಟಿ ಮುಗಿಸಿ ಹೊರಡುವಾಗ
ಬಾಯಿ ರೂಢಿಗೆ ‘ಬರ್ತೀನಿ ಕಣೋ’ ಅಂತಿದ್ದೆ.
ಹೋಗುವವರು ಬರ್ತೀನಿ ಅನ್ನುವ ನಮ್ಮ ಮಾತನ್ನು
ನಾಯಿಗೆ ಹೇಗೆ ಬಿಡಿಸಿ ಹೇಳಲಿ?
ಅಂಗೈ ತೋರಿಸಿದೆ. ಬೈದೆ.
ಒಂದು ಸಲ ಬಾವುಟದ ಕೋಲು ಎತ್ತಿದೆ.
ಹೊಡೆಯಲಿಲ್ಲ. ಆದರೂ ಆವತ್ತು ಅದು ಕೊಬ್ಬರಿ ಮೂಸಲಿಲ್ಲ,
ನನಗೂ ಬುತ್ತಿ ಬಿಚ್ಚುವ ಮನಸ್ಸಾಗಲಿಲ್ಲ.
ಮಾರನೇ ದಿನದಿಂದ ಒಂದೇ ಹೆಜ್ಜೆ, ಒಂದೇ ಚೂರು.
ಹತ್ತು ಹೆಜ್ಜೆ ಆಗುವಷ್ಟರಲ್ಲಿ ಶ್ರಾವಣ ಮುಗಿದಿತ್ತು.

ಮೊನ್ನೆ ಶನಿವಾರ, ಗೇಟು ಇಳಿಸಿ ಆಗಿದೆ,
ಕಂಬಿ ಗುಂಯ್ ಅನ್ನಲು ಶುರುವಾಗಿದೆ.
ಮೇಕೆಮರಿಯ ಹಿಂದೆ ಹೋಗಿದ್ದ ಚಿಪ್ಪು
ಆಚೆ ಬದಿಗೆ ಕಾಣಿಸಿತು. ನನ್ನ ನೋಡಿ ಬಾಲ ಆಡಿಸಿತು.
ನಡುವೆ ಎರಡು ಕಂಬಿ, ಅಷ್ಟೇ.
ಬಾಯಿಗೆ ಬಂದದ್ದು ಬಾ.
ಬಾ ಅನ್ನಲು ಮೊದಲು ತುಟಿ ಮುಚ್ಚಬೇಕು.
ಮುಚ್ಚಿದ ತುಟಿಯನ್ನು ಹಾಗೇ ಕಚ್ಚಿ ಹಿಡಿದೆ.
ಬಾವುಟವಿಲ್ಲದ ಕೈಯ ಅಂಗೈ ಚಾಚಿ ಕೂಗಿದೆ:
ಇರು!

ಆಮೇಲೆ ಗೂಡ್ಸು.
ಎಣಿಸುವುದು ಅಭ್ಯಾಸ, ನಲವತ್ತೆರಡು.
ಒಂದೊಂದು ಡಬ್ಬಿಯ ಸಂದಿನಲ್ಲಿ ಒಂದೊಂದು ಕಿವಿ,
ಮತ್ತೆ ಕಬ್ಬಿಣ, ಮತ್ತೆ ಕಿವಿ,
ಇಪ್ಪತ್ತರ ಆಚೆ ಕಿವಿಯೂ ಇಲ್ಲ, ಬರೀ ಧೂಳು.
ಕೊನೆಯಲ್ಲಿ ಗಾರ್ಡು ಬಾವುಟ ತೋರಿಸಿಕೊಂಡು ಹೋದ.

ಕೂತಿತ್ತು.
ಕುಂತ್ಕೊ ಅಂತ ನಾನು ಹೇಳಿರಲೇ ಇಲ್ಲ.

ಹಿಂದೆ ಬೈಕಿನವರ ಹಾರನ್ನು, ‘ಅಕ್ಕೋ, ಗೇಟ್ ಎತ್ತಕ್ಕ!’
ಹಿಡಿಕೆ ತಿರುಗಿಸಲು ಕೈಗೆ ಕಸುವಿಲ್ಲ.
ಪರ್ವತಪ್ಪನ ಮಗ ಟಿಲ್ಲರು ಆಫ್ ಮಾಡಿ ನಿಂತಿದ್ದ,
ಯಾವ ಭಾಷೆಯಲ್ಲೂ ಏನೂ ಅನ್ನಲಿಲ್ಲ.
ಸೆರಗಿನ ಗಂಟು ತಡವಿದೆ, ಕೊಬ್ಬರಿ ಮುಗಿದಿತ್ತು.
ಬಾ, ಎಂದೆ.

ತಕ್ಷಣಕ್ಕೆ ಬರಲಿಲ್ಲ. ಯಾರಿಗೆ ಗೊತ್ತು,
ಇರುವುದರ ರುಚಿ ಹತ್ತಿತ್ತೇನೋ.
ಆಮೇಲೆ ನಿಧಾನಕ್ಕೆ ಎದ್ದು, ಮೈ ಕೊಡವಿ,
ಗೇಟಿನ ಎರಡೂ ಕಡೆಯ ಜನ ನೋಡುತ್ತಿರುವಂತೆ
ಬಿಸಿ ಆರದ ಕಂಬಿಗೆ ಒಂದು ಕಾಲೆತ್ತಿತು.
ಆ ಪಾಠ ಇನ್ನೂ ಮಾಡಿಲ್ಲ.