ತೋಳಿನ ಅಳತೆ

ನಜರ್‌ಬಾದಿನ ಅಂಗಡಿಯಲ್ಲಿ
ಬೇರೆಯವರ ತೋಳಿಗೆ ಟೇಪು ಸುತ್ತುವವಳು ನಾನು.
"ಉಸಿರು ಹಿಡೀಬೇಡಿ ಅಕ್ಕಾ, ಅಳತೆ ತಪ್ಪುತ್ತೆ"
ದಿನಕ್ಕೆ ಹತ್ತು ಸಲ ಅಂದಿರುತ್ತೇನೆ.

ಕೆ.ಆರ್. ಆಸ್ಪತ್ರೆಯಲ್ಲಿ
ಸಿಸ್ಟರ್ ಪುಷ್ಪಲತಾ ಪಟ್ಟಿ ಸುತ್ತಿದರೆ
ಎದೆಯೊಳಗೆ ಹೊಲಿಗೆಮಿಷನ್ನು
ತುಳಿಯುವ ಕಾಲಿಲ್ಲದೆ ಓಡುತ್ತದೆ.
ನೂರ ಎಪ್ಪತ್ತೆರಡು.
ಡಾಕ್ಟರು ಪೆನ್ನು ತೆಗೆಯುವುದರೊಳಗೆ ಬಾಯಿಬಿಟ್ಟೆ:
ಮನೆಯಲ್ಲಿ ನೂರ ಇಪ್ಪತ್ತಾರು ಇತ್ತು,
ಅಳತೆಪುಸ್ತಕದ ಕೊನೇ ಹಾಳೆಯಲ್ಲಿ
ತಾರೀಖು ಹಾಕಿ ಬರೆದಿದ್ದೇನೆ, ನೋಡಿ.

ಸಿಸ್ಟರ್ ನಕ್ಕು, ಪಟ್ಟಿ ಬಿಚ್ಚಿ,
"ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ" ಅಂದಳು.
ಕೂತೆ.
ಅವಳ ಯೂನಿಫಾರ್ಮಿನ ಎಡತೋಳು
ಅರ್ಧ ಇಂಚು ಬಿಗಿ.
ಎಲ್ಲಿ ಬಿಚ್ಚಬೇಕು, ಎಲ್ಲಿ ಹೊಲಿಯಬೇಕು
ಯೋಚಿಸುತ್ತ ನನ್ನ ತೋಳು ಮರೆತೆ.

ನೂರ ನಲವತ್ತೆಂಟು.
ಇನ್ನೂ ಬಿಗಿಯೇ.
ಇರಲಿ,
ಒಳಗೆ ಬಟ್ಟೆ ಬಿಟ್ಟಿದೆ.