ಗದ್ದ ಸ್ವಲ್ಪ ಕೆಳಗೆ

ಗದ್ದ ಸ್ವಲ್ಪ ಕೆಳಗೆ. ಎರಡೂ ಕಿವಿ ಕಾಣಲಿ. ನಗಬೇಡಿ.

ಮೂವತ್ತೊಂದು ವರ್ಷ ನಾನು ಆಡಿದ ಮಾತು ಇಷ್ಟೇ,
ಕಂಕನಾಡಿಯಲ್ಲಿ, ಬೇಕರಿಯ ಮೇಲಿನ ಸ್ಟುಡಿಯೋದಲ್ಲಿ.
ಕುವೈತಿಗೆ ಹೊರಟವರು, ಬಹರೈನಿಗೆ ಹೊರಟವರು
ಬಿಳಿ ಪರದೆಗೆ ಬೆನ್ನು ಕೊಟ್ಟು
ಉಸಿರು ಬಿಗಿಹಿಡಿದು ಕೂತರು. ಒಬ್ಬರೂ ನಗಲಿಲ್ಲ.
ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಬಂದರೂ ನಗಲಿಲ್ಲ.

ಈಗ ಅಲ್ಲಿ ಮೊಬೈಲ್ ರಿಪೇರಿ.
ನಾನೋ, ಬೆಳಿಗ್ಗೆ ಬಂದರಿನಲ್ಲಿ ಫೆರಿ ಹತ್ತಿ
ಬೆಂಗ್ರೆಗೆ ಇಳಿಯುತ್ತೇನೆ, ಹೆಗಲಲ್ಲಿ ಕ್ಯಾಮೆರಾ.
ಕರೆದವರಿಲ್ಲ, ಕೊಡುವವರಿಲ್ಲ.
ವಯಸ್ಸಾದ ಮುಖಗಳು ಬೇಕು ನನಗೆ, ಕೆಲಸದ ನಡುವೆ,
ನಾನು ಇರುವುದೇ ಅವರಿಗೆ ಮರೆತಾಗ.
ಯಾಕೆ, ಅಂದಳು ಹೆಂಡತಿ.
ಮೀನು ತರುತ್ತೇನೆ, ಅಂದೆ.

ಮೊದಲು ಸಿಕ್ಕಿದವರು ಪಾಂಡು ಮೆಂಡನ್.
ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ
ಹರಕು ಹೆಣೆಯುತ್ತಿದ್ದರು, ಬಾಯಲ್ಲಿ ನೂಲಿನ ತುದಿ.
ಒಂದು ತೆಗೆದೆ. ಶಬ್ದಕ್ಕೆ ತಲೆ ಎತ್ತಿದವರು
ಎದ್ದು ಒಳಗೆ ಹೋದರು, ಇಸ್ತ್ರಿಯ ಅಂಗಿ ತೊಟ್ಟು ಬಂದರು,
ಗೋಡೆಗೆ ಬೆನ್ನು ಕೊಟ್ಟು ಸೆಟೆದು ನಿಂತರು.
ಗದ್ದ ಸ್ವಲ್ಪ ಕೆಳಗೆ.
ನಾನು ಹೇಳಿರಲಿಲ್ಲ.

"ಎಂಬತ್ತೊಂಬತ್ತರಲ್ಲಿ ನಿಮ್ಮಲ್ಲಿಗೇ ಬಂದದ್ದು, ಮಾರಾಯ್ರೆ,
ಮಸ್ಕತ್ತಿಗೆ ಹೊರಟಾಗ. ನಕ್ಕೆನೆಂದು ನೀವು ಬೈದದ್ದು ನೆನಪುಂಟು."

ಆ ಒಂದು ಮಾತನ್ನು ಇಷ್ಟು ಕಾಲ
ಯಾವ ಎಲುಬಿನ ಸಂದಿಯಲ್ಲಿ ಇಟ್ಟುಕೊಂಡಿದ್ದರು ಇವರು?

ಆಮೇಲೆ ರೇಷನ್ ಅಂಗಡಿಯ ಜಗಲಿ.
ಗಿರಿಜಾ ಪುತ್ರನ್ ಅವರ ಹೆಬ್ಬೆಟ್ಟನ್ನು
ಯಂತ್ರ ಮೂರು ಸಲ ಒಲ್ಲೆ ಅಂದಿತು.
ಐವತ್ತು ವರ್ಷ ಬೀಡಿ ಕಟ್ಟಿದ ಬೆರಳು;
ಎಲೆ ಉಜ್ಜಿ ಉಜ್ಜಿ ಗೆರೆಗಳನ್ನೆಲ್ಲ ಒಯ್ದಿದೆ.
"ಮುಖ ಒತ್ತಲಾ? ಅಲ್ಲಿ ಗೆರೆ ಬೇಕಾದಷ್ಟುಂಟು!"
ಸಾಲಿಗೆ ಸಾಲೇ ನಕ್ಕಿತು. ಗುಂಡಿ ಒತ್ತುವಷ್ಟರಲ್ಲಿ
ನಗು ಮುಗಿದಿತ್ತು. ಬಂದಿರುವುದು
ಅರ್ಧ ಚೀಲ, ಯಾರದೋ ಮೊಣಕೈ,
ನಗು ಹೋದ ಮೇಲೂ ಮುಚ್ಚಲು ಮರೆತ ಒಂದು ಬಾಯಿ.

ಅವ್ವಮ್ಮ ಬೇಡ ಅಂದರು. ಮೂರು ವಾರ ಬೇಡ ಅಂದರು.
ಬಾಗಿಲ ಪರದೆಯ ಆಚೆಯಿಂದ ಚಹಾ ಮಾತ್ರ ಬಂತು,
ಕ್ಯಾಮೆರಾದ ಮುಚ್ಚಳ ಹಾಕಿಯೇ ಕುಡಿದೆ.
ನಾಲ್ಕನೇ ವಾರ ಒಳಗಿನಿಂದ ಧ್ವನಿ:
"ಆಡಿನದ್ದು ತೆಗೆಯಿರಿ ಬೇಕಾದರೆ. ಅದಕ್ಕೂ ವಯಸ್ಸಾಯಿತು."
ತೆಗೆದೆ. ಆಡು ಗದ್ದ ಇಳಿಸಲಿಲ್ಲ,
ಗಡ್ಡ ಎತ್ತಿ, ಕಿವಿ ಒಂದೇ ತೋರಿಸಿ, ಮೆಲುಕು ಹಾಕಿತು.
ಮೂಲೆಯಲ್ಲಿ, ಸ್ವಲ್ಪ ಮಸುಕಾಗಿ,
ಹಲಸಿನ ಎಲೆ ಹಿಡಿದ ಕೈ, ಎರಡು ಹಸಿರು ಬಳೆ.
ಪ್ರಿಂಟ್ ನೋಡಿ ಅವ್ವಮ್ಮ ತುಂಬ ಹೊತ್ತು ಮಾತಾಡಲಿಲ್ಲ.
ಮತ್ತೆ, "ಆಡು ಚೆನ್ನಾಗಿ ಬಂದಿದೆ" ಅಂದರು.

ಫೆರಿಯಲ್ಲಿ ಮೊಂತಿಬಾಯಿ ತಾವಾಗಿಯೇ ಕರೆದರು.
"ನನ್ನದೊಂದು ಇರಲಿ, ಪೇಪರಿಗೆ ಕೊಡಲಿಕ್ಕೆ.
ತಂಗಿಯದ್ದು ಯಾರದೋ ರೋಸಿನ ಫೋಟೋದಿಂದ ಕತ್ತರಿಸಿ ಹಾಕಿದರು,
ಪಕ್ಕದವಳ ಹೆಗಲೂ ಬಂದಿತ್ತು. ಸತ್ತವರು ಇಬ್ಬರೋ ಅಂತ ಜನ ಕೇಳಿದರು."
ಗಾಳಿಗೆ ಸೆರಗು ಹಿಡಿದುಕೊಂಡು,
ಅಳಿವೆಯ ಕಡೆ ನೋಡುತ್ತ ಅಂದರು ಇದನ್ನು,
ಮನೆಗೆ ಸಕ್ಕರೆ ಇಲ್ಲ ಅಂದ ಹಾಗೆ.

ಮಳೆಗಾಲಕ್ಕೆ ಮೊದಲು ಪಾಂಡು ಮೆಂಡನ್ ಅವರ ಎರಡೂ ಪ್ರತಿ ಒಯ್ದೆ.
ನನಗೆ ಗೊತ್ತಿತ್ತು ಯಾವುದು ಒಳ್ಳೆಯದೆಂದು:
ನೂಲು ಕಚ್ಚಿದ ಬಾಯಿ, ಬಿಗಿದ ಹೆಬ್ಬೆರಳು,
ಕುತ್ತಿಗೆಯ ನರದ ಮೇಲೆ ಬಿದ್ದ ಬಿಸಿಲು.
ಅವರು ಅದನ್ನು ಪಕ್ಕಕ್ಕಿಟ್ಟು
ಇಸ್ತ್ರಿಯ ಅಂಗಿಯದ್ದನ್ನು ಕೈಯಲ್ಲಿ ಹಿಡಿದರು,
ಎರಡೂ ಕಿವಿ ಕಂಡಿವೆಯೇ ಎಂದು ನೋಡಿದರು.
"ಇದು ನಾನು" ಅಂದರು.
"ಅದು ಯಾರೋ ಬಲೆ ಹೆಣೆಯುವವ."

ಏನು ಹೇಳಲಿ.
ಅವರ ಮಗಳು ಮೊಳೆ ತಂದಳು, ನಾನೇ ಹೊಡೆದು ತೂಗುಹಾಕಿದೆ,
ಓರೆಯಾಗಿದೆ ಅಂದರು, ಸರಿಪಡಿಸಿದೆ.

ದಕ್ಕೆಯಲ್ಲಿ ಇಳಿದು ಅರ್ಧ ಕಿಲೋ ಬಂಗುಡೆ ಕೊಂಡೆ.
ಮನೆಯಲ್ಲಿ ಕೇಳಿದರೆ ತೋರಿಸಲಿಕ್ಕೆ ಏನಾದರೂ ಬೇಕಲ್ಲ.