ಹೆತ್ತಾಕಿ ಎಲ್ಲಿ

ಬೈಪಾಸಿನ ತಗಡಿನ ಶೆಡ್ಡಿನೊಳಗಿಂದ
ಟೊಮೆಟೊ ಕ್ರೇಟಿನಾಗ ಮರಿ ತಂದಿಟ್ಟ.
"ಪಕ್ಕಾ ಮುಧೋಳ ತಳಿರೀ. ನಗದೋ, ಫೋನಿನಾಗೋ?"
ತಾಯಿ ತೋರ್ಸಪ್ಪ ಅಂದೆ.
"ತಾಯಿ ಊರಾಗಿಲ್ರಿ" ಅಂದ,
ಆಕಿ ಬಾದಾಮಿಗೆ ತವರಿಗೆ ಹೋದಂಗ.
ತಗಡಿನ ಹಿಂದ ಏನೋ ಒಂದು
ಕೆಮ್ಮಿತು. ಬೊಗಳಲಿಲ್ಲ.

ಲೋಕಾಪುರದ ದುಂಡವ್ವ ಕಟ್ಟಿಮ್ಯಾಲೆ ಕುಂಡ್ರಿಸಿ
ತಾನೇ ಕೇಳಾಕ ಹತ್ತಿದಳು:
ಹಗಲೊತ್ತು ಮನ್ಯಾಗ ಯಾರಿರ್ತಾರ?
ಓಡಾಕ ಬಯಲೈತೇನು?
ಸಾಕಾಕ ಆಗದಿದ್ರ ಮಾರಬ್ಯಾಡ,
ನನಗ ತಂದು ಕೊಡ್ತಿಯೇನು?
ಹೆಣ್ಣು ಕೊಡುವಾಗಲೂ ನಮ್ಮ ಮಾವ
ಇಷ್ಟು ಕೇಳಿರಲಿಲ್ಲ.

ಬಾಗಿಲ ನೆರಳಿನಾಗ ಮಲಗಿದ್ದ ಕೆಂಚಿ
ಉದ್ದ ಮೂತಿ ಚಾಚಿ ನನ್ನ ಅಂಗೈ ಮೂಸಿ
ಹಿಂದ ಸರಿದು
ಮೂರೂ ಮರಿಗೆ ಅಡ್ಡ ನಿಂತಳು.
"ಎಲ್ಲಿ ಹೋಗಿ ಬಂದಿ?" ದುಂಡವ್ವ ಎದ್ದಳು.
ಹೇಳಿದೆ.
ಬೋರಿನ ನೀರು, ನೀಲಿ ಸೋಪು, ಮೊಣಕೈತನಕ.
ಕೆಂಚಿ ಮತ್ತೂ ಮೂಗು ತಿರುವಿದಳು.

ಮೂರಕ್ಕೂ ಮನಿ ಗೊತ್ತಾಗ್ಯಾವಂತ.
ಕೆಂಚಿಗೆ ಇನ್ನ ಒಂದು ವರ್ಷ ಬಿಡುವಂತ.
ಗೋಡಿಮ್ಯಾಲೆ ಇದ್ದಿಲಿನಿಂದ
ನನ್ನ ಹೆಸರು ಬರೆದಳು,
ಮುಂದ ಪ್ರಶ್ನೆ ಚಿಹ್ನೆ.

ಬರಿಗೈಲೆ ಬಸ್ ಹತ್ತಿ
ಕೈ ಮೂಸಿಕೊಂಡೆ.
ಸೋಪಿನಡಿ ಆ ಕೆಮ್ಮು
ಇನ್ನೂ ಇತ್ತು.